'ನಡೆಯತ್ತೆ ಬಿಡು' ಅನ್ನಿಸಿದ್ರೆ ಸಾಕು: ನಾಯಕರ ಇಮೇಜು ಚುನಾವಣೇನ ಎಷ್ಟು ತಿರುಗಿಸತ್ತೆ?

2024ರ ಜುಲೈ 4ಕ್ಕೆ ಬ್ರಿಟನ್‌ನಲ್ಲಿ ವೋಟ್ ಹಾಕೋಕೆ ಹೋದವರ ಕೈಗೆ ಸಿಕ್ಕ ಬ್ಯಾಲೆಟ್ ಪೇಪರಿನಲ್ಲಿ ಲೇಬರ್ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಅನ್ನೋ ಹೆಸರು ಇದ್ದದ್ದು 650 ಕ್ಷೇತ್ರಗಳ ಪೈಕಿ ಒಂದೇ ಒಂದರಲ್ಲಿ. ಆಗಿನ ಪ್ರಧಾನಿ, ಕನ್ಸರ್ವೇಟಿವ್ ಪಕ್ಷದ ರಿಷಿ ಸುನಕ್ ಹೆಸರೂ ಅಷ್ಟೇ, ಅವರ ಸ್ವಂತ ಕ್ಷೇತ್ರ ಬಿಟ್ರೆ ಇನ್ನೆಲ್ಲೂ ಇಲ್ಲ. ಮಿಕ್ಕ 648 ಕಡೆ ಜನ ವೋಟ್ ಹಾಕಿದ್ದು ಬೇರೆ ಯಾರದೋ ಹೆಸರಿಗೆ, ಅದರಲ್ಲಿ ಎಷ್ಟೋ ಜನಕ್ಕೆ ಆ ಹೆಸರಿನ ಮನುಷ್ಯ ಎದುರಿಗೆ ಬಂದು ನಿಂತ್ರೂ ಗುರುತು ಸಿಗಲ್ಲ. ಆದ್ರೆ ಅದಕ್ಕೂ ಮುಂಚೆ ಆರು ವಾರ ಟಿವಿ ಹಾಕಿದ್ರೆ ಇವರಿಬ್ಬರ ಮುಖಾನೇ, ಪೇಪರ್ ತೆಗೆದ್ರೆ ಇವರದೇ ಫೋಟೋ, ಯಾರು ಮಳೇಲಿ ನೆನೆದ್ರು, ಯಾರು ಕಾರ್ಯಕ್ರಮದಿಂದ ಬೇಗ ಎದ್ದು ಹೋದ್ರು, ಬರೀ ಇದೇ ಚರ್ಚೆ. ಕೆನಡಾ, ನ್ಯೂಜಿಲೆಂಡ್, ಇಂಡಿಯಾ, ಜರ್ಮನಿ ಎಲ್ಲೇ ಹೋಗಿ, ಪಾರ್ಲಿಮೆಂಟರಿ ಸಿಸ್ಟಮ್ ಇರೋ ಕಡೆಯೆಲ್ಲ ಇದೇ ಕಥೆ. ಪ್ರಧಾನಿಯನ್ನ ಜನ ನೇರವಾಗಿ ಆರಿಸಲ್ಲ, ಆದ್ರೆ ಪ್ರಚಾರ ನಡೆಯೋದು ಮಾತ್ರ ಪ್ರಧಾನಿ ಯಾರಾಗ್ಬೇಕು ಅನ್ನೋದರ ಮೇಲೆ.

ಇದರ ಬಗ್ಗೆ ಮಾತಾಡೋರು ಸಾಮಾನ್ಯವಾಗಿ ಎರಡು ಥರ. ಒಬ್ಬರು, "ಈಗೆಲ್ಲ ಮುಖ ನೋಡಿ ವೋಟ್ ಸ್ವಾಮಿ, ಪಕ್ಷ ಗಿಕ್ಷ ಯಾವನು ನೋಡ್ತಾನೆ" ಅನ್ನೋರು. ಇನ್ನೊಬ್ಬರು, "ಅದೆಲ್ಲ ಮೀಡಿಯಾದವರ ಗದ್ದಲ, ಕೊನೆಗೆ ಎಲ್ಲಾ ನಿಲ್ಲೋದು ಬೆಲೆ, ಕೆಲಸ, ಪಕ್ಷದ ಮೇಲೇನೇ" ಅನ್ನೋರು. ಇಬ್ಬರ ಹತ್ರಾನೂ ಉದಾಹರಣೆ ಬೇಕಾದಷ್ಟಿದೆ, ಅಲ್ಲೇ ಇರೋದು ತೊಂದರೆ. ನನಗೆ ಅನ್ನಿಸೋದು ಇಬ್ಬರೂ ಪ್ರಶ್ನೇನೇ ತಪ್ಪಾಗಿ ಕೇಳ್ತಿದ್ದಾರೆ ಅಂತ. ಮತದಾರ ನಾಯಕನನ್ನ ನೋಡೋವಾಗ 'ಇವನು ನನಗೆ ಇಷ್ಟಾನಾ' ಅಂತ ಕೇಳ್ಕೊಳ್ಳೋದು ಕಮ್ಮಿ, 'ಇವನು ನಡೆಯತ್ತಾ' ಅಂತ ಕೇಳ್ಕೊಳ್ಳೋದೇ ಜಾಸ್ತಿ. ಈ ಎರಡು ಪ್ರಶ್ನೆ ಒಂದೇ ಥರ ಕೇಳಿಸತ್ತೆ, ಆದ್ರೆ ಇವೆರಡರ ಮಧ್ಯೆ ಇರೋ ಗ್ಯಾಪ್‌ನಲ್ಲೇ ಸುಮಾರು ಚುನಾವಣೆಗಳ ಹಣೆಬರಹ ಬರೆದಾಗಿದೆ.

ಮೊದಲು, ಮನುಷ್ಯನ ಮೇಲೆ ಯಾಕೆ ಇಷ್ಟು ಕಣ್ಣು ಅನ್ನೋದು. ನೂರು ಪುಟದ ಪ್ರಣಾಳಿಕೆ ಓದೋರು ಯಾರೂ ಇಲ್ಲ, ಓದಿದ್ರೂ ಅದರಲ್ಲಿರೋ ಟ್ಯಾಕ್ಸ್ ಲೆಕ್ಕ ಸರೀನಾ ತಪ್ಪಾ ಅಂತ ಹೇಳೋಕೆ ಬಹಳ ಜನಕ್ಕೆ ಆಗಲ್ಲ. ಆದ್ರೆ ಮನುಷ್ಯರನ್ನ ಅಳೆಯೋ ಕೆಲಸ ನಾವು ಹುಟ್ಟಿದಾಗಿಂದ ಮಾಡ್ಕೊಂಡು ಬಂದಿದ್ದೀವಿ, ಇವನು ಮಾತಿಗೆ ತಪ್ಪೋ ಗಿರಾಕಿ, ಇವಳ ಕೈಗೆ ಕೆಲಸ ಕೊಟ್ರೆ ಮುಗಿಸ್ತಾಳೆ, ಇವನ ನಗು ಸರಿ ಇಲ್ಲ, ಹಿಂಗೆ. ಆ ಅಭ್ಯಾಸಾನೇ ರಾಜಕೀಯಕ್ಕೂ ತರ್ತೀವಿ. ಜೊತೆಗೆ ಸರ್ಕಾರ ಬಂದಮೇಲೆ ಪ್ರಣಾಳಿಕೇಲಿ ಇಲ್ಲದ ಸಾವಿರ ಸಮಸ್ಯೆ ಬರತ್ತೆ, ಪ್ರವಾಹ ಬರತ್ತೆ, ಯುದ್ಧ ಬರತ್ತೆ, ಸಾಂಕ್ರಾಮಿಕ ರೋಗ ಬರತ್ತೆ, ಆಗ ಆ ಕುರ್ಚೀಲಿ ಕೂತಿರೋನು ಏನು ಮಾಡ್ತಾನೆ ಅಂತ ಅಂದಾಜು ಮಾಡೋಕೆ ಮತದಾರನ ಹತ್ರ ಇರೋದು ಆ ಮನುಷ್ಯನ ಬಗ್ಗೆ ಇರೋ ಇಂಪ್ರೆಶನ್ ಒಂದೇ. ಹಾಗಾಗಿ ಮುಖ ನೋಡಿ ವೋಟ್ ಹಾಕೋರು ದಡ್ಡರು ಅಂತ ಬೈಯೋದು ಅಷ್ಟು ನ್ಯಾಯ ಅಲ್ಲ.

ಆದ್ರೆ ಈ ಅಳತೆ ಎಷ್ಟು ಅವಸರದ್ದು ಅಂತ ಗೊತ್ತಾದ್ರೆ ಸ್ವಲ್ಪ ಹೆದರಿಕೇನೂ ಆಗತ್ತೆ. 2005ರಲ್ಲಿ ಅಲೆಕ್ಸಾಂಡರ್ ಟೊಡೊರೊವ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತೆ ಅವರ ಜೊತೆಗಾರರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಸೆನೆಟ್ ಚುನಾವಣೆಗೆ ನಿಂತಿದ್ದ ಇಬ್ಬರ ಫೋಟೋ ತೋರಿಸಿ, ಅವರು ಯಾರು ಅಂತ ಗೊತ್ತಿಲ್ಲದವರಿಗೆ, ಇವರಿಬ್ಬರಲ್ಲಿ ಯಾರು ಹೆಚ್ಚು ಸಮರ್ಥರ ಥರ ಕಾಣ್ತಾರೆ ಅಂತ ಕೇಳಿದ್ರು. ಜನ ಆರಿಸಿದ ಮುಖ ಸುಮಾರು 70 ಪರ್ಸೆಂಟ್ ಸಲ ಗೆದ್ದ ಅಭ್ಯರ್ಥಿದೇ ಆಗಿತ್ತು. ಒಂದೇ ಸೆಕೆಂಡು ಫೋಟೋ ತೋರಿಸಿದಾಗಲೂ ಹೆಚ್ಚುಕಮ್ಮಿ ಅದೇ ರಿಸಲ್ಟು. 2009ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆಂಟೊನಾಕಿಸ್ ಮತ್ತೆ ಡಾಲ್ಗಸ್ ಅನ್ನೋರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಕ್ಕ ಮಕ್ಕಳಿಗೆ ಫ್ರಾನ್ಸಿನ ಪಾರ್ಲಿಮೆಂಟ್ ಅಭ್ಯರ್ಥಿಗಳ ಫೋಟೋ ತೋರಿಸಿ "ನಿಮ್ಮ ಹಡಗಿಗೆ ಯಾರನ್ನ ಕ್ಯಾಪ್ಟನ್ ಮಾಡ್ತೀರ" ಅಂತ ಕೇಳಿದ್ರು, ಮಕ್ಕಳೂ ಹತ್ತರಲ್ಲಿ ಏಳು ಸಲ ಗೆದ್ದವರನ್ನೇ ಹಿಡಿದ್ರು!

ಇದನ್ನ ಓದಿದ ಕೂಡಲೇ "ನೋಡಿದ್ರಾ, ಪ್ರಜಾಪ್ರಭುತ್ವ ಅಂದ್ರೆ ಬ್ಯೂಟಿ ಕಾಂಟೆಸ್ಟು" ಅಂತ ಶುರು ಮಾಡೋರಿದ್ದಾರೆ, ಸ್ವಲ್ಪ ತಡೀರಿ. ಆ ಪ್ರಯೋಗದಲ್ಲಿ ಇದ್ದವರು ನೋಡೋರಿಗೆ ಗೊತ್ತೇ ಇಲ್ಲದ ಅಭ್ಯರ್ಥಿಗಳು. ಗುರುತು ಕಮ್ಮಿ ಇದ್ದಷ್ಟೂ ಮುಖದ ಕೆಲಸ ಜಾಸ್ತಿ. ಹತ್ತು ವರ್ಷದಿಂದ ದಿನಾ ಟಿವೀಲಿ ನೋಡಿರೋ ನಾಯಕನ ವಿಷಯದಲ್ಲಿ ಮುಖದ ಮೇಲೆ ಬೇರೆ ನೂರು ಪದರ ಕೂತಿರತ್ತೆ. ಇನ್ನೊಂದು, ಪಕ್ಷಗಳೂ ಗೆಲ್ಲೋ ಕ್ಷೇತ್ರಕ್ಕೆ ಗೆಲ್ಲೋ ಮುಖಾನೇ ಹುಡುಕಿ ಹಾಕ್ತಾವಲ್ಲ, ಅದನ್ನೂ ಲೆಕ್ಕಕ್ಕೆ ತಗೋಬೇಕು.

ನಾಯಕರ ಇಮೇಜ್ ಬಗ್ಗೆ ಸರ್ವೆ ಓದೋವಾಗ ಎಲ್ಲರೂ ಎಡವೋ ಜಾಗ ಬೇರೆ ಇದೆ. "ಈ ನಾಯಕನ್ನ ಇಷ್ಟಪಡೋರಲ್ಲಿ 90 ಪರ್ಸೆಂಟ್ ಜನ ಅವನ ಪಕ್ಷಕ್ಕೇ ವೋಟ್ ಹಾಕಿದ್ರು" ಅಂತ ಹೆಡ್‌ಲೈನ್ ಬಂದ್ರೆ ನಾಯಕನಿಂದಾನೇ ವೋಟ್ ಬಂತು ಅನ್ಸತ್ತೆ. ಆದ್ರೆ ಆ 90 ಜನದಲ್ಲಿ ಮುಕ್ಕಾಲು ಪಾಲು ಅದೇ ಪಕ್ಷದ ಹಳೇ ಅಭಿಮಾನಿಗಳು, ಪಕ್ಷ ಇಷ್ಟ ಆಗಿರೋದಕ್ಕೆ ನಾಯಕನೂ ಇಷ್ಟ ಆಗಿದ್ದಾನೆ, ನಾಳೆ ಆ ಜಾಗಕ್ಕೆ ಇನ್ನೊಬ್ಬನನ್ನ ಕೂರಿಸಿದ್ರೆ ಅವನೂ ಇಷ್ಟ ಆಗ್ತಾನೆ. ಬೀಜ ಮೊದಲೋ ಮರ ಮೊದಲೋ ಅನ್ನೋ ಕಥೆ. ಹಾಗಾಗಿ ತಿಳಿದವರು ಮೊದಲು ಪಕ್ಷದ ಒಲವನ್ನ ಕಳೀತಾರೆ, ಆಮೇಲೆ ಹಣಕಾಸಿನ ಪರಿಸ್ಥಿತಿ ಬಗ್ಗೆ ಜನರ ಅಭಿಪ್ರಾಯ ಕಳೀತಾರೆ, ಎಲ್ಲಾ ಕಳೆದ ಮೇಲೆ ನಾಯಕನ ಹೆಸರಿಗೆ ಏನು ಉಳಿಯತ್ತೆ ಅಂತ ನೋಡ್ತಾರೆ. ಉಳಿಯೋದು ಸೊನ್ನೆ ಅಲ್ಲ, ಆದ್ರೆ ಟಿವಿ ಚರ್ಚೆ ನೋಡಿದ್ರೆ ಅನ್ನಿಸುವಷ್ಟು ದೊಡ್ಡದೂ ಅಲ್ಲ. ಬ್ರಿಟನ್ನಿನ ರಾಜಕೀಯ ಶಾಸ್ತ್ರಜ್ಞ ಆಂಥನಿ ಕಿಂಗ್ 2002ರಲ್ಲಿ ಬೇರೆ ಬೇರೆ ದೇಶದ ಚುನಾವಣೆಗಳನ್ನ ಒಟ್ಟಿಗೆ ಇಟ್ಟು ನೋಡಿ, ನಾಯಕರ ವ್ಯಕ್ತಿತ್ವಾನೇ ಫಲಿತಾಂಶ ತಿರುಗಿಸಿದ ಚುನಾವಣೆಗಳು ಬಹಳ ಅಪರೂಪ ಅನ್ನೋ ತೀರ್ಮಾನಕ್ಕೆ ಬಂದಿದ್ರು. ಆಮೇಲೆ ಬಂದ ಸಂಶೋಧಕರು ಇಷ್ಟು ಕಡಿಮೆ ಅಲ್ಲ ಅಂತ ವಾದ ಮಾಡಿದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ.

ಕಿಂಗ್ ವಾದ ಒಪ್ಪೋರಿಗೆ ಬೇಕಾದ ಸಾಕ್ಷಿ ಬ್ರಿಟನ್ನಿನಲ್ಲೇ ರಾಶಿ ಇದೆ. 1945ರಲ್ಲಿ ಚರ್ಚಿಲ್ ಯುದ್ಧ ಗೆದ್ದ ನಾಯಕ, ಆ ವರ್ಷ ಮೇ ತಿಂಗಳ ಗ್ಯಾಲಪ್ ಸರ್ವೇಲಿ 83 ಪರ್ಸೆಂಟ್ ಜನ ಅವರ ಕೆಲಸಕ್ಕೆ ಸೈ ಅಂದಿದ್ರು. ಜುಲೈನಲ್ಲಿ ಸೋತರು, ಅದೂ ಹೆಂಗೆ, ಲೇಬರ್ ಪಕ್ಷಕ್ಕೆ 393 ಸೀಟು, ಎದುರಾಳಿ ಕ್ಲೆಮೆಂಟ್ ಆಟ್ಲಿ ಅಂತ ನಾಲ್ಕು ಜನರ ಮಧ್ಯೆ ನಿಂತರೆ ಕಾಣಿಸದೇ ಹೋಗೋ ಥರದ ಮನುಷ್ಯ. 1970ರಲ್ಲಿ ಹೆರಾಲ್ಡ್ ವಿಲ್ಸನ್ ಎದುರಾಳಿ ಹೀತ್‌ಗಿಂತ ಜನಪ್ರಿಯ, ಸೋತರು. 1979ರಲ್ಲಿ ಪ್ರಧಾನಿ ಜಿಮ್ ಕ್ಯಾಲಹನ್ ಮಾರ್ಗರೆಟ್ ಥ್ಯಾಚರ್‌ಗಿಂತ ಸ್ಪಷ್ಟವಾಗಿ ಮುಂದಿದ್ರು, 'ಅಂಕಲ್' ಥರ ಇದ್ದ ಮನುಷ್ಯ ಅವರು, ಆದ್ರೆ ಗೆದ್ದಿದ್ದು ಥ್ಯಾಚರ್, 43 ಸೀಟಿನ ಬಹುಮತ.

ಈ 1979 ಸ್ವಲ್ಪ ಬಿಡಿಸಿ ನೋಡ್ಬೇಕು, ನನ್ನ ವಾದಕ್ಕೆ ಇದೇ ಬುನಾದಿ. ಹಿಂದಿನ ಚಳಿಗಾಲ ಪೂರ್ತಿ ಮುಷ್ಕರ, ಬೀದೀಲಿ ಕಸದ ರಾಶಿ, ಒಂದೆರಡು ಕಡೆ ಹೆಣ ಹೂಳೋರೂ ಕೆಲಸ ನಿಲ್ಲಿಸಿದ್ರು. ಸರ್ಕಾರ ಬದಲಾಗ್ಬೇಕು ಅಂತ ಜನ ಮನಸ್ಸು ಮಾಡಾಗಿತ್ತು. ಉಳಿದಿದ್ದ ಪ್ರಶ್ನೆ ಒಂದೇ, ಈ ಹೆಂಗಸನ್ನ ಆ ಜಾಗದಲ್ಲಿ ಕೂರಿಸಿದ್ರೆ ಕೆಲಸ ಕೆಡತ್ತಾ ಅಂತ. ಥ್ಯಾಚರ್ ಟೀಮಿಗೆ ಅದು ಚೆನ್ನಾಗಿ ಗೊತ್ತಿತ್ತು, ಗಾರ್ಡನ್ ರೀಸ್ ಅನ್ನೋ ಟಿವಿ ಪರಿಣಿತ ಅವರ ದನಿ ಇಳಿಸೋಕೆ ಕಲಿಸಿದ, ಬಟ್ಟೆ ಕೂದಲು ಎಲ್ಲಾ ಬದಲಾಯ್ತು. (ಗಂಡಸು ನಾಯಕರಿಗೆ ಯಾರೂ ದನಿ ಇಳಿಸ್ಕೋ ಅಂದಿರಲ್ಲ ಬಿಡಿ, ಅದು ಬೇರೇನೇ ವಿಷಯ.) ಗಮನಿಸಿ, ಇಷ್ಟೆಲ್ಲ ಮಾಡಿದ್ರೂ ಅವರು ಕ್ಯಾಲಹನ್‌ಗಿಂತ ಜನಪ್ರಿಯ ಆಗಲಿಲ್ಲ, ಆಗಬೇಕಾಗೂ ಇರಲಿಲ್ಲ. 'ನಡೆಯತ್ತೆ ಬಿಡು' ಅನ್ನೋ ಗೆರೆ ದಾಟಿದ್ರೆ ಸಾಕಿತ್ತು, ದಾಟಿದ್ರು. ಸೋತ ಕ್ಯಾಲಹನ್ ಇಷ್ಟದಲ್ಲಿ ಮುಂದೆ, ಗೆದ್ದ ಥ್ಯಾಚರ್ ಗೆರೆಯ ಆಚೆಗೆ.

ಗೆರೆ ದಾಟಕ್ಕೆ ಆಗದವರ ಕಥೆ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗತ್ತೆ. ಲೇಬರ್ ಪಕ್ಷದ ನಾಯಕ ಜೆರೆಮಿ ಕಾರ್ಬಿನ್. 2019ರ ಸೆಪ್ಟೆಂಬರಿನಲ್ಲಿ ಇಪ್ಸೋಸ್ ಅನ್ನೋ ಕಂಪನಿಯ ಸರ್ವೇಲಿ ಅವರ ಕೆಲಸದ ಬಗ್ಗೆ ತೃಪ್ತಿ ಇದ್ದವರು 16 ಪರ್ಸೆಂಟು, ಅತೃಪ್ತಿ 76. ಕಳೆದ್ರೆ ಮೈನಸ್ 60, ಯಾವ ವಿರೋಧ ಪಕ್ಷದ ನಾಯಕನಿಗೂ ಅಲ್ಲೀವರೆಗೆ ಅಷ್ಟು ಕೆಳಗೆ ಬಂದಿರಲಿಲ್ಲ. ಆ ಡಿಸೆಂಬರಿನಲ್ಲಿ ಲೇಬರ್ 202 ಸೀಟಿಗೆ ಇಳೀತು, 1935ರಿಂದ ಈಚೆಗೆ ಅತಿ ಕಮ್ಮಿ. ಕನ್ಸರ್ವೇಟಿವ್ ಪಕ್ಷದ ಬೋರಿಸ್ ಜಾನ್ಸನ್‌ಗೆ 365. ಜಾನ್ಸನ್ ಏನು ಭಾರೀ ಇಷ್ಟದ ನಾಯಕ ಆಗಿರಲಿಲ್ಲ, ಅವರ ಬಗ್ಗೆನೂ ಬೈಯೋರು ದಂಡಿಯಾಗಿದ್ರು. ಆದ್ರೆ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟ ಬಿಟ್ಟು ಬರೋದು) ಮುಗಿದ್ರೆ ಸಾಕಪ್ಪ ಅನ್ನೋ ಸುಸ್ತಿನಲ್ಲಿ ಇದ್ದ ದೇಶಕ್ಕೆ ಒಬ್ಬ ನಡೀತಿದ್ದ, ಇನ್ನೊಬ್ಬ ನಡೀತಿರಲಿಲ್ಲ.

ಇಲ್ಲೊಂದು ತಮಾಷೆ ಇದೆ. ಇದೇ ಕಾರ್ಬಿನ್ ಎರಡೂವರೆ ವರ್ಷದ ಹಿಂದೆ, 2017ರಲ್ಲಿ, 40 ಪರ್ಸೆಂಟ್ ವೋಟ್ ತಂದಿದ್ರು. ಅದೇ ಗಡ್ಡ, ಅದೇ ಮನುಷ್ಯ, ವಿಚಾರಗಳೂ ಹೆಚ್ಚುಕಮ್ಮಿ ಅವೇ. ಏನು ಬದಲಾಗಿತ್ತು? ಎದುರಿಗಿದ್ದೋರು.

2017ರ ಏಪ್ರಿಲ್ 18ಕ್ಕೆ ಆಗಿನ ಪ್ರಧಾನಿ ತೆರೇಸಾ ಮೇ ಅವಧಿಗೆ ಮುಂಚೇನೇ ಚುನಾವಣೆ ಘೋಷಣೆ ಮಾಡಿದಾಗ ಅವರ ಪಕ್ಷ ಸರ್ವೆಗಳಲ್ಲಿ ಸುಮಾರು 20 ಪಾಯಿಂಟ್ ಮುಂದೆ. ಪ್ರಚಾರ ಪೂರ್ತಿ ಅವರೊಬ್ಬರ ಹೆಸರಲ್ಲೇ, ಪಕ್ಷದ ಹೆಸರನ್ನ ಬಸ್ಸಿನ ಮೇಲೆ ಹುಡುಕಬೇಕು, ಅಷ್ಟು ಚಿಕ್ಕದು. 'ಬಲಿಷ್ಠ, ಸ್ಥಿರ ನಾಯಕತ್ವ' ಅನ್ನೋ ಒಂದೇ ಮಾತು, ದಿನಕ್ಕೆ ಇಪ್ಪತ್ತು ಸಲ. ಆಮೇಲೆ ಪ್ರಣಾಳಿಕೇಲಿ ವಯಸ್ಸಾದವರ ಆರೈಕೆ ಖರ್ಚಿನ ಬಗ್ಗೆ ಒಂದು ಪ್ಲಾನ್ ಹಾಕಿದ್ರು, ಜನ ಕೆರಳಿದ್ರು, ನಾಲ್ಕೇ ದಿನಕ್ಕೆ ಯೂ ಟರ್ನ್ ಹೊಡೆದ್ರು, ಹೊಡೆದು "ಏನೂ ಬದಲಾಗಿಲ್ಲ, ಏನೂ ಬದಲಾಗಿಲ್ಲ" ಅಂತ ಕ್ಯಾಮೆರಾ ಮುಂದೆ ಹೇಳಿದ್ರು. ಬಿಬಿಸಿ ಡಿಬೇಟಿಗೆ ತಾವು ಹೋಗದೆ ಮಂತ್ರಿಯೊಬ್ಬರನ್ನ ಕಳಿಸಿದ್ರು, ಕಾರ್ಬಿನ್ ಹೋದ್ರು. ಒಂದೇ ವಾಕ್ಯ ತಿರುಗಿಸಿ ತಿರುಗಿಸಿ ಹೇಳೋ ರೀತಿ ನೋಡಿ ಜನ 'ಮೇಬಾಟ್' ಅಂತ ಹೆಸರಿಟ್ರು, ರೋಬಾಟ್ ಥರ ಅಂತ. ಬಲಿಷ್ಠ ಅಂತ ಬೋರ್ಡ್ ಹಾಕ್ಕೊಂಡು ಬಂದವರು ನಡುಗಿದ್ರೆ ಅದು ಎದ್ದು ಕಾಣತ್ತೆ, ಬೋರ್ಡೇ ಇಲ್ಲದಿದ್ರೆ ಇಷ್ಟು ಕಾಣ್ತಿರಲಿಲ್ಲ. ಜೂನ್ 8ರ ಫಲಿತಾಂಶ, 317 ಸೀಟು, ಬಹುಮತ ಹೋಯ್ತು.

ಆದ್ರೆ ಇಲ್ಲೂ ಒಂದು ಮಾತು ಹೇಳಲೇಬೇಕು, ಮೇ ಪಕ್ಷದ ವೋಟ್ ಶೇರ್ ಆ ಚುನಾವಣೇಲಿ ಜಾಸ್ತೀನೇ ಆಯ್ತು, 37ರ ಹತ್ತಿರದಿಂದ 42ಕ್ಕೆ! ಸೀಟು ಹೋಗಿದ್ದು ಕಾರ್ಬಿನ್ ಕಡೆ ಇನ್ನೂ ಜಾಸ್ತಿ ಹೋಯ್ತಲ್ಲ ಅದಕ್ಕೆ, 30ರಿಂದ 40. 'ಮೇ ಇಮೇಜ್ ಕುಸಿದು ಸೋತರು' ಅನ್ನೋ ಕಥೆ ಅರ್ಧ ಸತ್ಯ. ಆಡೋದು ಇಮೇಜು ಒಂದೇ ಅಲ್ಲ, ವೋಟು ಸೀಟಾಗಿ ಬದಲಾಗೋ ಯಂತ್ರಾನೂ ಸೇರಿ ಆಡತ್ತೆ. ಆ ಯಂತ್ರದಲ್ಲಿ ಎರಡು ಮೂರು ಪರ್ಸೆಂಟ್ ಅತ್ತಿತ್ತ ಆದ್ರೂ ಡಜನ್‌ಗಟ್ಟಲೆ ಸೀಟು ಉರುಳತ್ತೆ, ಹಾಗಾಗಿ ನಾಯಕನ ಎಫೆಕ್ಟ್ 'ಬರೀ' ಎರಡು ಪರ್ಸೆಂಟ್ ಅಂತ ಸಂಶೋಧಕರು ಹೇಳಿದ್ರೆ ಅದು ಸಣ್ಣದು ಅಂತ ತಿಳ್ಕೋಬೇಡಿ. ಜರ್ಮನೀಲಿ 2002ರಲ್ಲಿ ಎರಡು ದೊಡ್ಡ ಪಕ್ಷಗಳಿಗೂ 38.5 ಪರ್ಸೆಂಟೇ, ದೇಶ ಪೂರ್ತಿ ಲೆಕ್ಕ ಹಾಕಿದ್ರೆ ವ್ಯತ್ಯಾಸ ಸುಮಾರು ಆರು ಸಾವಿರ ವೋಟು. ಆ ಆಗಸ್ಟಿನಲ್ಲಿ ಎಲ್ಬೆ ನದಿ ಉಕ್ಕಿದಾಗ ಚಾನ್ಸಲರ್ (ಅಲ್ಲಿನ ಪ್ರಧಾನಿ) ಶ್ರೋಡರ್ ಗಮ್ ಬೂಟ್ ಹಾಕ್ಕೊಂಡು ಕೆಸರಿಗೆ ಇಳಿದಿದ್ರು. ಆರು ಸಾವಿರ ವೋಟಿಗೆ ಒಂದು ಜೊತೆ ಬೂಟು ಸಾಕಾಗಿರಬಹುದು.

ಹತ್ತೊಂಬತ್ತು ವರ್ಷ ಆದಮೇಲೆ ಅದೇ ದೇಶ, ಮತ್ತೆ ಪ್ರವಾಹ, ಈ ಸಲ ಉಲ್ಟಾ ಪಾಠ. 2021ರ ಜುಲೈ 17ಕ್ಕೆ ಎರ್ಫ್ಟ್‌ಸ್ಟಾಡ್ಟ್ ಅನ್ನೋ ಊರಲ್ಲಿ ರಾಷ್ಟ್ರಪತಿ ಸ್ಟೈನ್ಮಯರ್ ಗಂಭೀರವಾಗಿ ಮಾತಾಡ್ತಿದ್ದಾರೆ, ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಹಿಂದುಗಡೆ ಅಂಗೇಲಾ ಮರ್ಕೆಲ್ ಪಕ್ಷದ ಚಾನ್ಸಲರ್ ಅಭ್ಯರ್ಥಿ ಆರ್ಮಿನ್ ಲಾಶೆಟ್ ಪಕ್ಕದವರ ಜೊತೆ ಏನೋ ಮಾತಾಡಿ ಬಾಯ್ತುಂಬ ನಗ್ತಿರೋದು ಕ್ಯಾಮೆರಾಗೆ ಬಿತ್ತು. ಕೆಲವೇ ಸೆಕೆಂಡು. ಕ್ಷಮೆ ಕೇಳಿದ್ರು, ಪ್ರಯೋಜನ ಆಗಲಿಲ್ಲ. ಇದೇ ಟೈಮಿಗೆ ಎದುರುಗಡೆ ಓಲಾಫ್ ಶೋಲ್ಟ್ಸ್, ಹಣಕಾಸು ಮಂತ್ರಿ, ಮಾತು ಕಮ್ಮಿ, ಉತ್ಸಾಹ ಅದಕ್ಕಿಂತ ಕಮ್ಮಿ, ಒಂದು ಮ್ಯಾಗಜೀನ್ ಫೋಟೋಗೆ ಮರ್ಕೆಲ್ ಥರ ಕೈ ಬೆರಳು ಜೋಡಿಸಿ ಪೋಸ್ ಕೊಟ್ಟು, ನಾನು ಅವರ ಥರಾನೇ, ಹೆದರಬೇಡಿ ಅಂತ ಬಾಯಿ ಬಿಡದೇ ಹೇಳಿಬಿಟ್ರು. ಬೇಸಿಗೆ ಶುರೂಲಿ 15 ಪರ್ಸೆಂಟ್ ಹತ್ರ ಒದ್ದಾಡ್ತಿದ್ದ ಅವರ ಪಕ್ಷ ಸೆಪ್ಟೆಂಬರಿನಲ್ಲಿ 25.7 ತಗೊಂಡು ಮೊದಲನೇ ಸ್ಥಾನಕ್ಕೆ ಬಂತು, ಮರ್ಕೆಲ್ ಪಕ್ಷ 24ರ ಆಸುಪಾಸಿಗೆ, ಅದರ ಇತಿಹಾಸದಲ್ಲೇ ಅತಿ ಕಮ್ಮಿ. ಶೋಲ್ಟ್ಸ್ ಮೇಲೆ ಯಾರಿಗೂ ಪ್ರೀತಿ ಉಕ್ಕಿರಲಿಲ್ಲ. ನಡೀತಿದ್ರು, ಅಷ್ಟೇ.

ಒಂದು ನಗು ಇಷ್ಟೆಲ್ಲಾ ಮಾಡಿತಾ? ಇಲ್ಲ. ನನ್ನ ಪ್ರಕಾರ ಒಂದು ಘಟನೆ ಯಾವತ್ತೂ ಹೊಸ ಇಂಪ್ರೆಶನ್ ಹುಟ್ಟಿಸಲ್ಲ, ಮೊದಲೇ ಇದ್ದ ಅನುಮಾನಕ್ಕೆ ಮುದ್ರೆ ಒತ್ತತ್ತೆ. ಲಾಶೆಟ್ ಸೀರಿಯಸ್ ಮನುಷ್ಯ ಅಲ್ಲ ಅನ್ನೋ ಗುಸುಗುಸು ಮುಂಚೇನೇ ಇತ್ತು, ಬವೇರಿಯಾದ ಜೊತೆ ಪಕ್ಷದಲ್ಲಿ ಅವರಿಗಿಂತ ಜನಪ್ರಿಯ ಆಗಿದ್ದ ಸೋಡರ್ ಅನ್ನೋ ನಾಯಕನನ್ನ ಬಿಟ್ಟು ಇವರನ್ನ ಆರಿಸಿದ್ರು, ಆ ನಗು ಆ ಗುಸುಗುಸುಗೆ ಫೋಟೋ ಸಮೇತ ಸಾಕ್ಷಿ ಕೊಡ್ತು. ಬ್ರಿಟನ್ನಿನ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಸ್ಯಾಂಡ್‌ವಿಚ್ ತಿನ್ನಕ್ಕೆ ಒದ್ದಾಡ್ತಿರೋ 2014ರ ಫೋಟೋನ ಒಂದು ಟ್ಯಾಬ್ಲಾಯ್ಡು 2015ರ ಚುನಾವಣೆ ಹಿಂದಿನ ದಿನ ಮುಖಪುಟಕ್ಕೆ ಹಾಕ್ತು. ಸ್ಯಾಂಡ್‌ವಿಚ್ ನೀಟಾಗಿ ತಿನ್ನೋದಕ್ಕೂ ದೇಶ ಆಳೋದಕ್ಕೂ ಏನೂ ಸಂಬಂಧ ಇಲ್ಲ, ಆದ್ರೆ 'ಈ ಹುಡುಗನ ಕೈಲಿ ಆಗಲ್ಲ' ಅಂತ ಮೊದಲೇ ಅನ್ನಿಸಿದ್ದವರಿಗೆ ಅದು ಚೆನ್ನಾಗಿ ಅಂಟ್ಕೊಳ್ತು. ಬೇರೆ ಯಾರಾದ್ರೂ ಹಾಗೆ ತಿಂದಿದ್ರೆ ನಕ್ಕು ಮರೀತಿದ್ರು.

ಇದಕ್ಕೆ ಉಲ್ಟಾ ಉದಾಹರಣೆ ಬೇಕಾ, 2010ರ ಪ್ರಧಾನಿ, ಲೇಬರ್ ಪಕ್ಷದ ಗಾರ್ಡನ್ ಬ್ರೌನ್. ರಾಚ್‌ಡೇಲ್‌ನಲ್ಲಿ ಒಬ್ಬ ಹಿರಿಯ ಹೆಂಗಸಿನ ಜೊತೆ ನಗ್ತಾ ಮಾತಾಡಿ, ಕಾರು ಹತ್ತಿ, ಮೈಕ್ ಆನ್ ಇರೋದು ಮರೆತು ಅವರನ್ನ ಬೈದ್ರು. ದೇಶವೆಲ್ಲ ಕೇಳಿಸ್ಕೊಳ್ತು, ಮುಗೀತು ಕಥೆ ಅಂದ್ರು ಎಲ್ಲರೂ. ಲೇಬರ್ ದೇಶದಲ್ಲಿ ಸೋತಿತು ನಿಜ, ಆದ್ರೆ ರಾಚ್‌ಡೇಲ್ ಕ್ಷೇತ್ರ ಗೆದ್ದಿದ್ದು ಅದೇ ಲೇಬರ್! ಬ್ರೌನ್ ಮುಂಗೋಪಿ ಅಂತ ಜನಕ್ಕೆ ಮೊದಲೇ ಗೊತ್ತಿತ್ತು, ಗೊತ್ತಿದ್ದಕ್ಕೆ ಬೆಲೆಯನ್ನೂ ಆಗಲೇ ಕಟ್ಟಾಗಿತ್ತು.

ಅದೇ ಚುನಾವಣೇಲಿ ಇನ್ನೊಂದು ನಡೀತು, ಇಷ್ಟಕ್ಕೂ ವೋಟಿಗೂ ಇರೋ ದೂರ ಅಳೆಯೋರು ಇದನ್ನ ಮರೀಬಾರದು. ಏಪ್ರಿಲ್ 15ಕ್ಕೆ ಬ್ರಿಟನ್ನಿನ ಮೊಟ್ಟಮೊದಲ ನಾಯಕರ ಟಿವಿ ಡಿಬೇಟು. ಮೂರನೇ ಪಕ್ಷದ ನಿಕ್ ಕ್ಲೆಗ್ ಕ್ಯಾಮೆರಾ ಕಣ್ಣಿಗೆ ಕಣ್ಣಿಟ್ಟು ಮಾತಾಡಿದ್ರು, ರಾತ್ರೋರಾತ್ರಿ ಹೀರೋ, ಸರ್ವೇಲಿ ಅವರ ಪಕ್ಷ ಎದ್ದು ಎರಡು ದೊಡ್ಡ ಪಕ್ಷಗಳ ಜೊತೆ ಸಮಸಮ ಓಡೋಕೆ ಶುರು ಮಾಡ್ತು. ಮೂರು ವಾರ ಕಳೆದು ಪೆಟ್ಟಿಗೆ ತೆಗೆದು ನೋಡಿದ್ರೆ ವೋಟು ಒಂದು ಪರ್ಸೆಂಟ್ ಜಾಸ್ತಿ, ಸೀಟು 62ರಿಂದ 57ಕ್ಕೆ ಇಳಿದಿತ್ತು. ಜನಕ್ಕೆ ಅವರು ಇಷ್ಟ ಆಗಿದ್ದು ಸುಳ್ಳಲ್ಲ, ಆದ್ರೆ ಬೂತಿಗೆ ಹೋದಾಗ ಅವರು ಪ್ರಧಾನಿ ಆಗೋ ಸಾಲಿನಲ್ಲೇ ಕಾಣಿಸಲಿಲ್ಲ. (ಡಿಬೇಟ್ ಅಂದ್ರೆ 1960ರ ಕೆನಡಿ ನಿಕ್ಸನ್ ಕಥೆ ಎಲ್ಲರೂ ಎಳೆದು ತರ್ತಾರೆ, ರೇಡಿಯೋ ಕೇಳಿದವರು ನಿಕ್ಸನ್ ಗೆದ್ದ ಅಂದ್ರು, ಟಿವಿ ನೋಡಿದವರು ಕೆನಡಿ ಅಂದ್ರು ಅಂತ. ಅದಕ್ಕಿರೋ ಸಾಕ್ಷಿ ಬಹಳ ತೆಳು, ರೇಡಿಯೋ ಕೇಳಿದವರ ಲೆಕ್ಕ ಒಂದೇ ಒಂದು ಸರ್ವೇದು, ಅವರಲ್ಲಿ ಮೊದಲಿಂದಾನೇ ನಿಕ್ಸನ್ ಕಡೆಯವರೇ ಜಾಸ್ತಿ ಇದ್ದಿರಬಹುದು.)

ಎದುರಾಳಿಯ ಇಮೇಜ್ ಹಾಳು ಮಾಡಕ್ಕೆ ಹೋಗಿ ಕೈ ಸುಟ್ಕೊಂಡವರಲ್ಲಿ ಕೆನಡಾದ ಕನ್ಸರ್ವೇಟಿವ್ ಪಕ್ಷಗಳಿಗೆ ಮೊದಲ ಬಹುಮಾನ ಕೊಡಬೇಕು. 1993ರಲ್ಲಿ ಲಿಬರಲ್ ನಾಯಕ ಕ್ರೆಟಿಯೆನ್ ಮುಖದ ಒಂದು ಕಡೆ ಪಾರ್ಶ್ವವಾಯುವಿನಿಂದ ಸ್ವಲ್ಪ ವಕ್ರ ಇದ್ದದ್ದನ್ನ ಕ್ಲೋಸಪ್‌ನಲ್ಲಿ ತೋರಿಸಿ ಜಾಹೀರಾತು ಮಾಡಿದ್ರು, ಜನ ಉಗಿದ್ರು, ಬೇಗನೇ ವಾಪಸ್ ತಗೊಂಡ್ರು. 2015ರಲ್ಲಿ ಜಸ್ಟಿನ್ ಟ್ರುಡೋ 'ಇನ್ನೂ ರೆಡಿ ಇಲ್ಲ' ಅಂತ ತಿಂಗಳುಗಟ್ಟಲೆ ಜಾಹೀರಾತು ಓಡಿಸಿದ್ರು, ಕೂದಲು ಮಾತ್ರ ಚೆನ್ನಾಗಿದೆ ಅಂತ ಒಂದು ಕುಟುಕು ಬೇರೆ. ಗೆರೇನ ಅಷ್ಟು ಕೆಳಗೆ ಇವರೇ ಎಳೆದಿಟ್ರಲ್ಲ, ಡಿಬೇಟಿನಲ್ಲಿ ಟ್ರುಡೋ ತಡವರಿಸದೆ ನಿಂತ್ಕೊಂಡಿದ್ದೇ ದೊಡ್ಡ ಸಾಧನೆ ಥರ ಕಾಣಿಸ್ತು. 34 ಸೀಟಿಗೆ ಇಳಿದಿದ್ದ ಪಕ್ಷ 184ಕ್ಕೆ ಹಾರಿತು.

ನಾಯಕನ ಎಫೆಕ್ಟ್ ಎಷ್ಟು ಅಂತ ಬಿಡಿಸಿ ನೋಡೋಕೆ ಅತಿ ಒಳ್ಳೇ ಅವಕಾಶ ಸಿಗೋದು ಚುನಾವಣೆ ಹತ್ತಿರ ಇದ್ದಾಗ ಪಕ್ಷ ನಾಯಕನ್ನ ಬದಲಾಯಿಸಿದಾಗ. ಪಕ್ಷ ಅದೇ, ಪ್ರಣಾಳಿಕೆ ಹೆಚ್ಚುಕಮ್ಮಿ ಅದೇ, ಆರ್ಥಿಕತೆ ಅದೇ, ಮುಖ ಮಾತ್ರ ಬೇರೆ. ನ್ಯೂಜಿಲೆಂಡಿನಲ್ಲಿ 2017ರ ಆಗಸ್ಟ್ 1ಕ್ಕೆ ಲೇಬರ್ ಪಕ್ಷದ ಆಂಡ್ರ್ಯೂ ಲಿಟಲ್ ಸರ್ವೇಲಿ 24 ಪರ್ಸೆಂಟ್ ನೋಡಿ ರಾಜೀನಾಮೆ ಕೊಟ್ರು, ಏಳು ವಾರ ಇದ್ದಾಗ 37 ವರ್ಷದ ಜೆಸಿಂಡಾ ಆರ್ಡರ್ನ್ ಬಂದ್ರು, ಚುನಾವಣೇಲಿ 36.9. ಹನ್ನೆರಡು ಹದಿಮೂರು ಪಾಯಿಂಟು, ಏಳು ವಾರದಲ್ಲಿ! ಆದ್ರೂ ಮೊದಲನೇ ಸ್ಥಾನ ಬರಲಿಲ್ಲ, ಸಮ್ಮಿಶ್ರ ಸರ್ಕಾರದ ಲೆಕ್ಕಾಚಾರದಲ್ಲಿ ಪ್ರಧಾನಿ ಆದ್ರು. ಸರ್ಕಾರ ಬದಲಾಗಲಿ ಅಂತ ಇದ್ದ ಜನ ಲಿಟಲ್ ಅವರನ್ನ ನೋಡಿ ಹಿಂದೆ ಸರೀತಿದ್ರು, ಬಾಗಿಲಲ್ಲಿದ್ದ ಕಲ್ಲು ಎತ್ತಿದ ಕೂಡಲೇ ಒಳಗೆ ಬಂದ್ರು.

ಮುಖ ಬದಲಾಯಿಸಿದ್ರೆ ಸಾಕು ಅಂದ್ಕೊಂಡವರಿಗೆ ಕೆನಡಾದ ಕಿಮ್ ಕ್ಯಾಂಪ್‌ಬೆಲ್ ಕಥೆ ಇದೆ. 1993ರ ಬೇಸಿಗೇಲಿ ಪ್ರಧಾನಿ ಆದಾಗ ಅವರ ವೈಯಕ್ತಿಕ ಜನಪ್ರಿಯತೆ ಕ್ರೆಟಿಯೆನ್‌ಗಿಂತ ಮೇಲೆ. ಅಕ್ಟೋಬರಿನಲ್ಲಿ ಅವರ ಆಡಳಿತ ಪಕ್ಷಕ್ಕೆ ಬಂದ ಸೀಟು ಎರಡು. ಇನ್ನೂರಲ್ಲ, ಇಪ್ಪತ್ತಲ್ಲ, ಎರಡು. ಅವರೂ ಸೋತರು. ಹಿಂದಿನ ಪ್ರಧಾನಿ ಮಲ್ರೋನಿ ಮೇಲಿದ್ದ ಸಿಟ್ಟು, ಹೊಸ ಟ್ಯಾಕ್ಸಿನ ಸಿಟ್ಟು, ಎಲ್ಲಾ ಪಕ್ಷದ ಮೇಲೇ ಕೂತಿತ್ತು, ಹೊಸ ಮುಖದ ಹಿಂದೆ ಅದೇ ಹಳೇ ಮನೆ ಕಾಣಿಸ್ತಿತ್ತು.

ಅದೇ ಕೆನಡಾದ 2025 ಇದರ ಪೂರ್ತಿ ಉಲ್ಟಾ. ಜನವರಿ 6ಕ್ಕೆ ಟ್ರುಡೋ ಇಳೀತೀನಿ ಅಂದಾಗ ಲಿಬರಲ್ ಪಕ್ಷ 20 ಪಾಯಿಂಟಿಗಿಂತ ಹಿಂದೆ, ಗೋರಿ ಕಟ್ಟೋದೊಂದೇ ಬಾಕಿ. ಮಾರ್ಚಿನಲ್ಲಿ ಮಾರ್ಕ್ ಕಾರ್ನಿ ಬಂದ್ರು, ಎರಡು ದೇಶದ ಸೆಂಟ್ರಲ್ ಬ್ಯಾಂಕ್ ನಡೆಸಿದ್ದ ಮನುಷ್ಯ, ಅದುವರೆಗೆ ಒಂದು ಚುನಾವಣೆಗೂ ನಿಂತವರಲ್ಲ. ಏಪ್ರಿಲ್ 28ಕ್ಕೆ 343ರಲ್ಲಿ 169 ಸೀಟು. ಕಾರ್ನಿ ಏನು ಮಾಯ ಮಾಡಿದ್ರು ಅಂತ ಕೇಳಿದ್ರೆ, ಮಾಯ ಮಾಡಿದ್ದು ಡೊನಾಲ್ಡ್ ಟ್ರಂಪ್. ಕೆನಡಾ ನಮ್ಮ 51ನೇ ರಾಜ್ಯ ಆಗಲಿ ಅಂದು, ಸುಂಕ ಹಾಕಿದ ಕೂಡಲೇ ಮತದಾರ ಕೇಳ್ತಿದ್ದ ಪ್ರಶ್ನೇನೇ ಬದಲಾಗೋಯ್ತು. ಮೊದಲು ಇದ್ದದ್ದು 'ಈ ಸರ್ಕಾರ ಸಾಕಾಯ್ತು, ಕಿತ್ತು ಹಾಕೋರು ಯಾರು', ಅದಕ್ಕೆ ಕನ್ಸರ್ವೇಟಿವ್ ನಾಯಕ ಪಿಯರ್ ಪೊಲಿಯೇವ್ ಸರಿಯಾದ ಉತ್ತರ. ಆಮೇಲೆ ಬಂದದ್ದು 'ಆ ಮನುಷ್ಯನ ಎದುರು ಕೂತು ಲೆಕ್ಕ ಮಾತಾಡೋರು ಯಾರು', ಅದಕ್ಕೆ ಮಾಜಿ ಬ್ಯಾಂಕರ್ ನಡೀತಾನೆ. ಪೊಲಿಯೇವ್ ಅವರ ಗುಣ ಒಂದೂ ಬದಲಾಗಿರಲಿಲ್ಲ, ಅವರ ಪಕ್ಷದ ವೋಟ್ 41 ಪರ್ಸೆಂಟ್ ದಾಟಿತ್ತು, ಹಿಂದಿನ ಸಲಕ್ಕಿಂತ ಎಷ್ಟೋ ಜಾಸ್ತಿ, ಆದ್ರೆ ಎರಡು ದಶಕದಿಂದ ಹಿಡಿದಿಟ್ಟಿದ್ದ ಸ್ವಂತ ಕ್ಷೇತ್ರಾನೇ ಹೋಯ್ತು. ಸಾಮರ್ಥ್ಯ, ಪ್ರಾಮಾಣಿಕತೆ, ನಮ್ಮ ಕಷ್ಟ ಅರ್ಥ ಆಗತ್ತಾ, ಗಟ್ಟಿ ಇದ್ದಾನಾ, ಈ ನಾಲ್ಕರಲ್ಲಿ ಮಾಮೂಲಿಯಾಗಿ ಸಾಮರ್ಥ್ಯಕ್ಕೇ ಹೆಚ್ಚು ತೂಕ ಅಂತ ಅಧ್ಯಯನಗಳು ಹೇಳ್ತಾ ಬಂದಿವೆ, ಆದ್ರೆ ಯಾವುದರ ಸಾಮರ್ಥ್ಯ ಅನ್ನೋದನ್ನ ಆ ವರ್ಷದ ಸುದ್ದಿ ತೀರ್ಮಾನ ಮಾಡತ್ತೆ.

ಇಂಡಿಯಾ ವಿಷಯಕ್ಕೆ ಬಂದ್ರೆ, 2004ರಲ್ಲಿ ವಾಜಪೇಯಿ ಸರ್ವೆಗಳಲ್ಲಿ ಸೋನಿಯಾ ಗಾಂಧಿಗಿಂತ ಮುಂದೆ, ಆದ್ರೂ ಬಿಜೆಪಿ 138, ಕಾಂಗ್ರೆಸ್ 145, ಸರ್ಕಾರ ಹೋಯ್ತು. 2014ರಿಂದ ಚಿತ್ರ ಬೇರೆ. ಮೋದಿ ಪ್ರಧಾನಿ ಅಭ್ಯರ್ಥಿ ಆಗದೇ ಇದ್ದಿದ್ರೆ ಬೇರೆ ಕಡೆ ವೋಟ್ ಹಾಕ್ತಿದ್ವಿ ಅಂತ ಲೋಕನೀತಿ ಸಿಎಸ್‌ಡಿಎಸ್ ಸರ್ವೇಲಿ ಹೇಳಿದವರು 2014ರಲ್ಲಿ ಬಿಜೆಪಿ ಕಡೆಯ ಮತದಾರರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ, 2019ರಲ್ಲಿ ಮೂರರಲ್ಲಿ ಒಂದು ಪಾಲು. ಜನ ತಮ್ಮ ಬಗ್ಗೆ ತಾವೇ ಹೇಳ್ಕೊಳ್ಳೋ 'ಆಗಿದ್ರೆ ಹೋಗಿದ್ರೆ' ಉತ್ತರಾನ ಪೂರ್ತಿ ನಂಬಕ್ಕಾಗಲ್ಲ, ಆದ್ರೂ ಸಣ್ಣ ಸಂಖ್ಯೆ ಅಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಕರ್ನಾಟಕದ್ದು. 1984ರ ಡಿಸೆಂಬರಿನಲ್ಲಿ ರಾಜೀವ್ ಗಾಂಧಿ ಹೆಸರಿಗೆ ಇಲ್ಲಿನ 28ರಲ್ಲಿ 24 ಲೋಕಸಭಾ ಸೀಟು ಕಾಂಗ್ರೆಸ್ಸಿಗೆ ಬಂತು, ಅದನ್ನ ನೋಡಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ಚುನಾವಣೆಗೆ ಹೋದ್ರು, ಮೂರು ತಿಂಗಳಾಗೋದ್ರೊಳಗೆ ಅದೇ ಮತದಾರರು ಜನತಾ ಪಕ್ಷಕ್ಕೆ 139 ಕೊಟ್ರು. 2023ರ ಮೇನಲ್ಲಿ ಕಾಂಗ್ರೆಸ್ಸಿಗೆ 135, ವರ್ಷ ಕಳೆದು ಲೋಕಸಭೇಲಿ ಬಿಜೆಪಿಗೆ 17, ಅದರ ಜೊತೆಗಿದ್ದ ಜೆಡಿಎಸ್‌ಗೆ 2, ಕಾಂಗ್ರೆಸ್ಸಿಗೆ 9. ಮೈತ್ರಿ ಲೆಕ್ಕ, ಅಭ್ಯರ್ಥಿ, ಜಾತಿ ಎಲ್ಲಾ ಇದರಲ್ಲಿ ಸೇರಿದೆ ಒಪ್ತೀನಿ. ಆದ್ರೆ ಎರಡು ಕುರ್ಚಿಗೆ ಎರಡು ಬೇರೆ ಪ್ರಶ್ನೆ ಕೇಳೋದು ಮತದಾರನಿಗೆ ಚೆನ್ನಾಗಿ ಗೊತ್ತಿದೆ.

ಮತ್ತೆ ಸ್ಟಾರ್ಮರ್‌ಗೆ ಬರ್ತೀನಿ. 2024ರಲ್ಲಿ ಅವರ ಬಗ್ಗೆ ತೃಪ್ತಿಗಿಂತ ಅತೃಪ್ತಿ ಹೇಳೋರೇ ಜಾಸ್ತಿ ಇದ್ರು, ಬೋರಿಂಗ್ ಅನ್ನೋದು ಅವರ ಬಗ್ಗೆ ಸಾಮಾನ್ಯವಾಗಿ ಬರ್ತಿದ್ದ ಮಾತು. ಎದುರಿಗೆ ಸುನಕ್ ಅದಕ್ಕಿಂತ ಪಾತಾಳದಲ್ಲಿ, ಮಳೇಲಿ ಛತ್ರಿ ಇಲ್ಲದೆ ನಿಂತು ಚುನಾವಣೆ ಘೋಷಿಸಿ, ಎರಡನೇ ಮಹಾಯುದ್ಧದ ಡಿ ಡೇ ನೆನಪಿನ ಕಾರ್ಯಕ್ರಮದಿಂದ ಬೇಗ ವಾಪಸ್ ಬಂದು ಕ್ಷಮೆ ಕೇಳಿ. ಹದಿನಾಲ್ಕು ವರ್ಷದ ಸರ್ಕಾರ ಹೋಗಬೇಕು ಅಂತ ಜನ ನಿರ್ಧಾರ ಮಾಡಿದ್ರು, ಸ್ಟಾರ್ಮರ್ ನಡೀತಿದ್ರು. ಬರೀ 34 ಪರ್ಸೆಂಟ್ ವೋಟಿಗೆ 411 ಸೀಟು. ಆದ್ರೆ 'ನಡೆಯತ್ತೆ' ಅಂತ ಬಂದ ವೋಟಿನ ಜೊತೆ ಪ್ರೀತಿ ಬಂದಿರಲ್ಲ, ಕಷ್ಟ ಬಂದಾಗ ಪಾಪ ಒಳ್ಳೆಯವನು ಕಣೋ, ಇನ್ನೊಂದು ಚಾನ್ಸ್ ಕೊಡೋಣ ಅನ್ನೋಕೆ ಯಾರೂ ಉಳಿದಿರಲ್ಲ. 2025ರ ಸೆಪ್ಟೆಂಬರಿನಲ್ಲಿ ಇಪ್ಸೋಸ್ ಮತ್ತೆ ಅದೇ ಪ್ರಶ್ನೆ ಕೇಳಿದಾಗ ತೃಪ್ತಿ 13, ಅತೃಪ್ತಿ 79. ಆ ಕಂಪನಿ ಈ ಲೆಕ್ಕ ಇಡೋಕೆ ಶುರು ಮಾಡಿದ್ದು 1977ರಲ್ಲಿ, ಅಲ್ಲಿಂದ ಅಲ್ಲೀವರೆಗೆ ಯಾವ ಪ್ರಧಾನಿಗೂ ಅಷ್ಟು ಕೆಳಗೆ ಹೋಗಿರಲಿಲ್ಲ.